ಇಪ್ಪತ್ತೈದು ತೂತಿನ ಕಾರ್ಡು

ನಮ್ಮ ಮನೆಯಲ್ಲಿ ರಬ್ಬರುಗಳಿವೆ, ಪೆನ್ಸಿಲ್ ಒಂದೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಎರಡು, ಅಂಗಿಯ ಜೇಬಿನಲ್ಲಿ ಒಂದು, ಚಹಾಪುಡಿ ಡಬ್ಬಿಯ ಪಕ್ಕದಲ್ಲಿ ಅರ್ಧ. ಬಂದವರು ನೋಡಿ, ಈ ವಯಸ್ಸಿನಲ್ಲಿ ಚಿತ್ರ ಬರೆಯುವ ಹುಚ್ಚು ಹಿಡಿಯಿತೇ ಎಂದು ಕೇಳುತ್ತಾರೆ. ಚಿತ್ರವೂ ಇಲ್ಲ, ಮಣ್ಣೂ ಇಲ್ಲ. ಕಂಪ್ಯೂಟರಿನೊಳಗಿನ ಕಾರ್ಡುಗಳಿಗೆ ಹಿತ್ತಾಳೆ ಬಣ್ಣದ ಹಲ್ಲುಗಳಿರುತ್ತವಲ್ಲ, ಅವು ಗಾಳಿಗೆ, ಕೈಬೆವರಿಗೆ ಕಪ್ಪಾಗುತ್ತವೆ. ಶಾಲೆ ಮಕ್ಕಳ ರಬ್ಬರಿನಿಂದ ನಾಲ್ಕು ಸಲ ಉಜ್ಜಿ ಮತ್ತೆ ಕೂರಿಸಿದರೆ, ಸತ್ತೇ ಹೋಯಿತೆಂದು ಹೊತ್ತು ತಂದ ಕಂಪ್ಯೂಟರುಗಳಲ್ಲಿ ಅರ್ಧದಷ್ಟು ಎದ್ದು ಕೂರುತ್ತವೆ. ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ನಾನು ಇಷ್ಟು ವರ್ಷ ರಿಪೇರಿ ಅಂಗಡಿ ನಡೆಸಿದ್ದು ಬಹುಮಟ್ಟಿಗೆ ಈ ರಬ್ಬರಿನ ಬಲದ ಮೇಲೆ. ಅಂಗಡಿ ಮುಚ್ಚಿ ಮೂರು ವರ್ಷವಾದ ಮೇಲೆ ಈ ಗುಟ್ಟು ಹೇಳುತ್ತಿದ್ದೇನೆ, ಹಳೆಯ ಗಿರಾಕಿಗಳು ಮನ್ನಿಸಬೇಕು.

ಈಗ ಕಾರ್ಡು ಎಂದರೆ ಎಲ್ಲರಿಗೂ ಗೊತ್ತಿರುವುದು ಗ್ರಾಫಿಕ್ಸ್ ಕಾರ್ಡು ಒಂದೇ. ಅದಕ್ಕೆ ಎರಡು ಫ್ಯಾನು, ಬಣ್ಣಬಣ್ಣದ ದೀಪ, ಮದುವೆ ಗಂಡಿನ ಠೀವಿ. ಉಳಿದ ಕಾರ್ಡುಗಳ ಸುದ್ದಿ ಎತ್ತುವವರೇ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಒಳಗೆ ಒಂದು ದೊಡ್ಡ ಹಲಗೆ, ಆ ಹಲಗೆಯ ಮೇಲೆ ಉದ್ದುದ್ದ ಬಾಯಿಗಳು. ಕಂಪ್ಯೂಟರಿಗೆ ಯಾವ ಕೆಲಸ ಬರುವುದಿಲ್ಲವೋ ಆ ಕೆಲಸದ ಕಾರ್ಡನ್ನು ಒಂದು ಬಾಯಿಗೆ ಒತ್ತಿ ಕೂರಿಸಿದರೆ ಮುಗಿಯಿತು, ಬರುತ್ತದೆ. ಹಾಡು ಬರುವುದಿಲ್ಲವೇ, ಸೌಂಡ್ ಕಾರ್ಡು. ಟೀವಿ ಬೇಕೇ, ಟೀವಿ ಕಾರ್ಡು. ಮನುಷ್ಯರಿಗೂ ಹೀಗೊಂದು ಸೌಲಭ್ಯ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಮ್ಮೆ ನನ್ನ ಹೆಂಡತಿ ಮಹಾದೇವಿಯ ಮುಂದೆ ಅಂದೆ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ತಲೆ ಎತ್ತದೆ, ನಿಮಗಾದರೆ ಹೇಳಿದ್ದು ಕೇಳಿಸಿಕೊಳ್ಳುವ ಕಾರ್ಡು ಮೊದಲು ಹಾಕಿಸಬೇಕು ಎಂದಳು. ನಾನು ನಕ್ಕೆ. ಆ ಮಾತನ್ನು ಆಗ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ನನ್ನ ಕಾರ್ಡುಗಳೆಲ್ಲ ಒಂದು ತಗಡಿನ ಡಬ್ಬಿಯಲ್ಲಿವೆ. ಯಾರದೋ ಮದುವೆಯ ಉಂಡಿ ತುಂಬಿ ಬಂದ ಡಬ್ಬಿ ಅದು. ಮುಚ್ಚಳ ತೆಗೆದರೆ ಒಂದೊಂದು ಕಾರ್ಡಿನ ಹಿಂದೆ ಒಂದೊಂದು ಊರು ಬರುತ್ತದೆ. ಮೇಲೆಯೇ ಇರುವುದು ಚಿತ್ತಾಪುರದ ಸೌಂಡ್ ಕಾರ್ಡು. ಅಲ್ಲಿ ಒಬ್ಬರು ಆಟೋದಲ್ಲಿ ಕೂಗಿಸುವ ಪ್ರಚಾರದ ಮಾತುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದರು. ಸೀರೆ ಮಾರಾಟ, ಕಣ್ಣಿನ ತಪಾಸಣೆ, ಕಳೆದ ಎಮ್ಮೆ, ಎಲ್ಲದಕ್ಕೂ ಒಂದೇ ಗಂಟಲು. ಹೊರಗಿನ ಸದ್ದು ಬರಬಾರದೆಂದು ಬಚ್ಚಲಿನ ನಾಲ್ಕೂ ಗೋಡೆಗೆ ಕೌದಿ ಇಳಿಬಿಟ್ಟು ಒಳಗೆ ಕೂತು ಮಾತಾಡುತ್ತಿದ್ದರು. ಒಮ್ಮೆ ಸೀರೆ ಮಾರಾಟದ ನಡುವೆ ಹಿತ್ತಲಿನ ಕೋಳಿಯ ಕೂಗು ಸೇರಿಕೊಂಡಿತು. ಊರಿನವರಿಗೆ ಅದೇ ಇಷ್ಟವಾಯಿತು. ಮುಂದಿನ ಸಲ ಅಂಗಡಿಯವರೇ ಬಂದು ಕೋಳಿ ಇರಲಿ ಎಂದರಂತೆ. ಆ ಕೋಳಿಯನ್ನು ಒಳ್ಳೆಯ ಸೌಂಡ್ ಕಾರ್ಡಿಲ್ಲದೆ ಅಷ್ಟು ಸ್ಪಷ್ಟವಾಗಿ ಹಿಡಿಯಲು ಆಗುತ್ತಿರಲಿಲ್ಲ.

ಅದರ ಕೆಳಗೆ ಸೇಡಂನ ಮೋಡೆಮ್ ಕಾರ್ಡು. ಟೆಲಿಫೋನ್ ತಂತಿಯನ್ನು ಇದರ ಬೆನ್ನಿಗೆ ಚುಚ್ಚಿದರೆ ಕಿರ್ರೋ ಎಂದು ಕೂಗಿ ಇಂಟರ್ನೆಟ್ಟು ಹಿಡಿಯುತ್ತಿತ್ತು. ಹತ್ತನೆಯ ತರಗತಿಯ ಫಲಿತಾಂಶದ ದಿನ ಒಬ್ಬ ಮೇಷ್ಟರ ಮನೆಯ ಮುಂದೆ ಅರ್ಧ ಓಣಿ ಸೇರಿತ್ತು. ನಂಬರು ಹೊಡೆದು, ಪುಟ ಮೇಲಿನಿಂದ ಒಂದೊಂದೇ ಗೆರೆ ಇಳಿದು ಬರುತ್ತಿರುವಾಗ, ಒಳಮನೆಯಲ್ಲಿದ್ದ ಮೇಷ್ಟರ ಅತ್ತೆ ತಂಗಿಯ ಆರೋಗ್ಯ ವಿಚಾರಿಸಲು ಅದೇ ಫೋನು ಎತ್ತಿದರು. ಎಲ್ಲ ಹೋಯಿತು. ಹೀಗೆ ನಾಲ್ಕು ಸಲ. ಐದನೆಯ ಸಲಕ್ಕೆ ಮೇಷ್ಟರು ಅತ್ತೆಯ ಕೈಯಲ್ಲಿ ಒಂದು ಮೊರ ತೊಗರಿಬೇಳೆ ಕೊಟ್ಟು ಹರಳು ಆರಿಸಲು ಕೂರಿಸಿದ ಮೇಲೆ ಓಣಿಯ ಮಕ್ಕಳು ಪಾಸಾದರು.

ವಾಡಿಯ ಟೀವಿ ಕಾರ್ಡನ್ನು ನೋಡಿದರೆ ನನಗೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ವಾಡಿಯ ಧೂಳು ಸಾಮಾನ್ಯ ಧೂಳಲ್ಲ, ಅಲ್ಲಿನ ಕಾರ್ಖಾನೆಯ ಸಿಮೆಂಟು ಬೆರೆತದ್ದು. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಧೂಳು ಏಳಬಾರದೆಂದು ಮೊದಲು ನೀರು ಚಿಮುಕಿಸಿ ಆಮೇಲೆ ಕಸ ಗುಡಿಸುತ್ತಾರೆ. ನಾನೂ ಅದೇ ಸಂಸ್ಕಾರದವನು. ಅಂಗಡಿ ತೆರೆದ ಹೊಸತು. ವಾಡಿಯಿಂದ ಬಂದ ಕಂಪ್ಯೂಟರಿನ ಒಳಗೆಲ್ಲ ಹಸಿ ಅರಿವೆಯಿಂದ ಒರೆಸಿ, ಒಣಗಲಿ ಎಂದು ಬಿಸಿಲಿಗಿಟ್ಟೆ. ಒಣಗಿತು. ಟೀವಿ ಕಾರ್ಡೂ ಅದರ ಬಾಯಿಯೂ ಒಂದಾಗಿ ಬಿಗಿದುಕೊಂಡವು. ಕಂಪ್ಯೂಟರಿನ ಯಜಮಾನ ದಿನವೂ ಸಿಮೆಂಟಿನಲ್ಲೇ ದುಡಿಯುವವನು. ಬಗ್ಗಿ ನೋಡಿದ, ಬೆರಳಿನಿಂದ ಬಡಿದು ನೋಡಿದ, ತನ್ನ ಮನೆಯ ಗೋಡೆಗೂ ಇಷ್ಟು ಒಳ್ಳೆಯ ಪ್ಲಾಸ್ಟರು ಹಿಡಿದಿಲ್ಲ ಎಂದು ಶಾಂತವಾಗಿ ಹೇಳಿದ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಕಿತ್ತು ತೆಗೆದ ಆ ಕಾರ್ಡು ನನ್ನಲ್ಲೇ ಉಳಿಯಿತು, ಅಂದಿನಿಂದ ಧೂಳಿಗೆ ಒಣ ಬ್ರಶ್ಶು ಬಿಟ್ಟು ಬೇರೆ ಮುಟ್ಟಿಲ್ಲ.

ಇವುಗಳ ಬಳಕೆ ಕಂಪ್ಯೂಟರಿನೊಳಗೇ ಮುಗಿಯುವುದಿಲ್ಲ ಎನ್ನುವುದನ್ನೂ ಹೇಳಬೇಕು. ನಮ್ಮ ಕಪಾಟಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಎರಡು ಲ್ಯಾನ್ ಕಾರ್ಡುಗಳು ಒಂದರ ಮೇಲೊಂದು ಕೂತು ಹದಿನೈದು ವರ್ಷದಿಂದ ಸಂಸಾರದ ಭಾರ ಹೊತ್ತಿವೆ. ಕಾರ್ಡಿಲ್ಲದ ಬಾಯಿಯ ಹಿಂದಿನ ಸಂದು ಮುಚ್ಚಲು ಒಂದು ತಗಡಿನ ಪಟ್ಟಿ ಬರುತ್ತದೆ; ಹಿಟ್ಟು ನಾದುವ ಪರಾತದ ಅಂಚಿಗೆ ಹಿಡಿದದ್ದನ್ನು ಕೆರೆದು ತೆಗೆಯಲು ಅದಕ್ಕಿಂತ ಒಳ್ಳೆಯ ಸಾಮಾನು ಇನ್ನೂ ಹುಟ್ಟಿಲ್ಲ ಎಂಬುದು ಮಹಾದೇವಿಯ ಅಭಿಪ್ರಾಯ. ಓಣಿಯ ಏಳೆಂಟು ಮನೆಗಳಿಗೆ ಆ ಪಟ್ಟಿ ನಮ್ಮ ಮನೆಯಿಂದಲೇ ಹೋಗಿದೆ.

ಸಾಮಾನು ಬಿಸಾಡದ ಬುದ್ಧಿ ನನಗೆ ಅವ್ವನಿಂದ ಬಂದದ್ದು. ನಾನು ಹುಟ್ಟಿ ಬೆಳೆದದ್ದು ಚಿಂಚೋಳಿ ಕಡೆಯ ಐನಾಪುರ. ದಸರೆಯ ಆಯುಧ ಪೂಜೆಗೆ ನಮ್ಮಲ್ಲಿ ಖಂಡೆ ಪೂಜೆ ಎನ್ನುತ್ತಾರೆ. ಆ ದಿನ ಅವ್ವ ಕುಡುಗೋಲು, ಕುರ್ಪಿ, ಕೊಡಲಿ, ಒಂದು ಕಿವಿ ಮುರಿದ ಕತ್ತರಿ, ಎಲ್ಲವನ್ನೂ ತೊಳೆದು ಜಗಲಿಯ ಮುಂದೆ ಸಾಲಾಗಿ ಇಡುತ್ತಿದ್ದಳು. ಜಗಲಿ ಎಂದರೆ ನಮ್ಮ ಕಡೆ ದೇವರನ್ನು ಇಡುವ ಕಟ್ಟೆ. ಪೂಜೆಗೆ ಇಟ್ಟದ್ದನ್ನು ಅವಳು ತೆಗೆಯುವತನಕ ಯಾರೂ ಮುಟ್ಟುವಂತಿಲ್ಲ. ಈ ಕಾನೂನು ನನಗೆ ಭಾಳ ಹಿಡಿಸಿತ್ತು. ನಾನು ಗಣಿತದ ಪುಸ್ತಕವನ್ನೂ ಕುಡುಗೋಲಿನ ಕೆಳಗೆ ಸೇರಿಸಿ ಬಿಡುತ್ತಿದ್ದೆ. ಅವ್ವನಿಗೆ ಓದು ಬಾರದು, ಮಗನ ಪುಸ್ತಕಭಕ್ತಿ ಕಂಡು ಅದಕ್ಕೆ ಒಂದು ಹೂವು ಜಾಸ್ತಿ ಇಡುತ್ತಿದ್ದಳು. ಒಂದು ವರ್ಷ ಆ ಪುಸ್ತಕ ದೀಪಾವಳಿಯವರೆಗೂ ಜಗಲಿಯ ಮೇಲೆಯೇ ಉಳಿಯಿತು. ನನ್ನ ಲೆಕ್ಕ ಇಂದಿಗೂ ಕಚ್ಚಾ ಇರುವುದಕ್ಕೆ ಇದೇ ಕಾರಣ.

ಇಷ್ಟೆಲ್ಲ ನೆನಪಾದದ್ದು ಕಸ್ತೂರಿಯಿಂದ. ಅವಳ ವಿಷಯಕ್ಕೆ ಬರುತ್ತೇನೆ.

ಶಹಾಬಾದಿನಿಂದ ಹೊರಗೆ, ನೆಲಕ್ಕೆ ಹಾಸುವ ಪರ್ಸಿ ಕಲ್ಲುಗಳನ್ನು ರಾಶಿ ಹಾಕಿರುವ ಕಡೆ ಕಸ್ತೂರಿಯ ತಗಡಿನ ಶೆಡ್ಡು ಇದೆ. ಹಿಂದೆ ಅವಳು ಲಾರಿಗೆ ಪರ್ಸಿ ಏರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಹೊತ್ತು ಹೊತ್ತು ಹೆಗಲ ಮೇಲೆ ಗಂಟು ಬಿದ್ದಿತ್ತು. ಆಮೇಲೆ ಎಲ್ಲಿಂದಲೋ ಕಲ್ಲಿನಲ್ಲಿ ಅಕ್ಷರ ಕೊರೆಯುವ ಹಳೆಯ ಯಂತ್ರವೊಂದನ್ನು ಹಿಡಿದು ತಂದಳು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ತಾನೇ ಕಲಿತಳು. ಯಂತ್ರದ ತುದಿಯಲ್ಲೊಂದು ಗಟ್ಟಿ ಸೂಜಿ, ಅದರ ಮೇಲೆ ಸಣ್ಣಗೆ ನೀರಿನ ಧಾರೆ. ಕಂಪ್ಯೂಟರು ಹೇಳಿದಂತೆ ಸೂಜಿ ಓಡಾಡಿ ಹೆಸರು ಕೊರೆಯುತ್ತದೆ. ಸುತ್ತಲಿನ ಮನೆಗಳ ಬಾಗಿಲ ಕಲ್ಲು, ಬಾವಿಯ ಕಲ್ಲು, ಗೋರಿಯ ಕಲ್ಲು, ಎಲ್ಲ ಅವಳ ಕೈಯಿಂದಲೇ ಹೋಗುತ್ತವೆ. ಹೈದರಾಬಾದಿನಲ್ಲಿ ಟಿಫಿನ್ ಸೆಂಟರ್ ನಡೆಸುವ ಅವಳ ಅಣ್ಣ ಮಾತ್ರ ಇದನ್ನು ಆಟವೆಂದೇ ತಿಳಿದಿದ್ದ. ಅದನ್ನು ಮಾರಿ ಬಾ, ಇಲ್ಲಿ ಹಿಟ್ಟು ರುಬ್ಬಲು ಜನ ಬೇಕು ಎಂದು ತಿಂಗಳಿಗೊಮ್ಮೆ ಕರೆಯುತ್ತಿದ್ದ. ಅವಳು ಬರುವುದಿಲ್ಲ ಎನ್ನುತ್ತಿದ್ದಳು.

ಈ ವರ್ಷ ಶ್ರಾವಣ ಮುಗಿದ ಮೇಲೆ ಅವಳು ಫೋನು ಮಾಡಿ ಕರೆದಳು. ಯಂತ್ರ ನಿಂತಿತ್ತು. ಮೇಜಿನ ಮೇಲೆ ಒಂದು ಕರಿ ಪರ್ಸಿ, ಅದರ ಮೇಲೆ ‘ಗುರುಬ’ ಎಂದು ಮೂರೇ ಅಕ್ಷರ. ಸೇಡಂ ಕಡೆಯ ಮುಧೋಳದ ಒಂದು ಶಾಲೆಯಲ್ಲಿ ಗುರುಬಸಮ್ಮ ಎಂಬ ಹೆಂಗಸು ವರ್ಷಾನುಗಟ್ಟಲೆ ಮಕ್ಕಳಿಗೆ ಬಿಸಿಯೂಟ ಮಾಡಿ ಹಾಕಿದ್ದಾಳೆ. ತಿಂಗಳ ಕೊನೆಯ ದಿನ ಆಕೆಯ ಕೆಲಸ ಮುಗಿಯುತ್ತದೆ. ಆಕೆಯ ಕೈಯಲ್ಲಿ ಉಂಡು ಬೆಳೆದವರೇ ಸೇರಿಕೊಂಡು, ಶಾಲೆಯ ಅಡುಗೆ ಕೋಣೆಯ ಬಾಗಿಲ ಮೇಲೆ ‘ಗುರುಬಸಮ್ಮನ ಅಡುಗೆ ಮನೆ’ ಎಂದು ಕಲ್ಲು ಕೂರಿಸಬೇಕೆಂದು ಹೇಳಿದ್ದರು. ಆಕೆಗೆ ಇನ್ನೂ ಗೊತ್ತಿಲ್ಲ. ಅಂಥ ಕಲ್ಲು ಅರ್ಧ ಹೆಸರಿಗೆ ನಿಂತಿತ್ತು. ಉಳಿದದ್ದನ್ನು ಉಳಿಯಿಂದ ಕೊರೆಸಿದರೆ ಅರ್ಧ ಹೆಸರು ಒಂದು ನಮೂನೆ, ಅರ್ಧ ಇನ್ನೊಂದು ನಮೂನೆ ಆಗುತ್ತದೆ ಎಂದು ಕಸ್ತೂರಿ ಒಪ್ಪಲಿಲ್ಲ.

ನಾನು ಬಿಚ್ಚಿ ನೋಡಿದೆ. ಯಂತ್ರ ಸರಿಯಾಗಿಯೇ ಇತ್ತು. ಅದಕ್ಕೆ ಅಪ್ಪಣೆ ಕೊಡುವ ಕಂಪ್ಯೂಟರಿನ ಬೆನ್ನಿನಲ್ಲಿ, ಹಳೆಯ ಕಾಲದ ಪ್ರಿಂಟರುಗಳನ್ನು ಜೋಡಿಸುತ್ತಿದ್ದ ಸಾಲು ತೂತುಗಳ ಅಗಲ ಕಿಂಡಿ ಸುಟ್ಟಿತ್ತು. ಈಗಿನ ಕಂಪ್ಯೂಟರುಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ. ಆದರೆ ಅದೇ ಕಿಂಡಿ ಇರುವ ಒಂದು ಕಾರ್ಡು ಬರುತ್ತದೆ, ಪ್ಯಾರಲಲ್ ಕಾರ್ಡು ಎನ್ನುತ್ತಾರೆ. ಖಾಲಿ ಬಾಯಿಗೆ ಒತ್ತಿದರೆ ಕೆಲಸ ಮುಗಿಯಿತು. ನನ್ನ ಹತ್ತಿರ ಒಂದು ಇತ್ತು. ಚಿತ್ತಾಪುರದ ಒಂದು ಮುದ್ರಣದ ಅಂಗಡಿಗೆಂದು ತಂದು ಹಾಕಿದ್ದು, ಅವರು ಮುಚ್ಚುವಾಗ ನನಗೇ ವಾಪಸ್ ಕೊಟ್ಟಿದ್ದರು. ಕಾರ್ಡು ಮನೆಯಲ್ಲೇ ಇದೆ, ನಾಳೆ ತರುತ್ತೇನೆ, ಚಿಂತೆ ಮಾಡಬೇಡ ಎಂದೆ. ಹಾಗೆ ಹೇಳುವಾಗ ನನಗೆ ಒಳಗೊಳಗೆ ಭಾಳ ಹೆಮ್ಮೆಯಾಗಿತ್ತು. ಅಂಗಡಿ ಮುಚ್ಚಿದ ಮೇಲೆ ಯಾರೂ ನನ್ನನ್ನು ಅಷ್ಟು ನಂಬಿಕೆಯಿಂದ ನೋಡಿರಲಿಲ್ಲ.

ಮನೆಗೆ ಬಂದು ಡಬ್ಬಿ ಬೋರಲು ಹಾಕಿದೆ. ಸೇಡಂ ಇತ್ತು, ವಾಡಿ ಇತ್ತು, ಚಿತ್ತಾಪುರದ ಕೋಳಿಯೂ ಇತ್ತು. ಆ ಕಾರ್ಡು ಇಲ್ಲ. ಕಪಾಟಿನ ಕಾಲು ಎತ್ತಿ ನೋಡಿದೆ. ಮಹಾದೇವಿಯನ್ನು ಕರೆದು ಪ್ಯಾರಲಲ್ ಕಾರ್ಡು ಎಲ್ಲಿ ಎಂದು ಕೇಳಿದೆ. ಅದೇನೋ ನನಗೆ ಗೊತ್ತಿಲ್ಲ, ನಿಮ್ಮ ಡಬ್ಬಿಗೆ ನಾನು ಕೈ ಹಾಕಿಲ್ಲ ಎಂದಳು. ನನಗೆ ಸಿಟ್ಟು ಬಂತು. ಹಳೆಯ ಸಾಮಾನೆಂದು ಗುಜರಿಯವನಿಗೆ ಹಾಕಿರಬೇಕು, ಈಗ ಇಲ್ಲ ಎನ್ನುತ್ತೀಯ ಎಂದುಬಿಟ್ಟೆ. ಸಾಲದ್ದಕ್ಕೆ ಮರುದಿನ ಓಣಿಯಲ್ಲಿ ಗಾಡಿ ನೂಕಿಕೊಂಡು ಬಂದ ಗುಜರಿಯವನನ್ನೂ ನಿಲ್ಲಿಸಿ ಜೋರು ಮಾಡಿದೆ. ಅವನು ಪಾಪ, ಗಾಡಿಯ ಮೇಲಿನದ್ದನ್ನೆಲ್ಲ ಇಳಿಸಿ ತೋರಿಸಿದ. ಮಹಾದೇವಿ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋದವಳು ಅಂದಿನಿಂದ ನನ್ನೊಡನೆ ಊಟಕ್ಕೆ ಬರ್ರಿ ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ನಾನು ಕಲಬುರಗಿಗೆ ಹೋದೆ, ಹೈದರಾಬಾದಿಗೆ ಹೋದೆ. ಅಂಗಡಿಯ ಹುಡುಗರು ಹೆಸರು ಕೇಳಿ, ಅದು ಯಾವ ಆಟಕ್ಕೆ ಬೇಕು ಎಂದು ಕೇಳಿದರು. ಫೋನಿನಲ್ಲಿ ತರಿಸಿದ ಒಂದು ಕಾರ್ಡು ಬಂತು, ಅದರ ಹಲ್ಲು ಹೊಸ ಅಳತೆಯದು, ಹಳೆಯ ಬಾಯಿಗೆ ಕೂರುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ತಂತಿಯೊಂದನ್ನು ತಂದು ಹಾಕಿದೆ. ಪ್ರಿಂಟರಿಗೆ ನಡೆಯುವ ಅದು ಈ ಯಂತ್ರಕ್ಕೆ ನಡೆಯಲಿಲ್ಲ. ಹೀಗೆ ನಾಳೆ ಎಂದದ್ದು ಹನ್ನೆರಡು ದಿನವಾಯಿತು. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಾಗ ಕಸ್ತೂರಿಯ ಶೆಡ್ಡಿಗೆ ಹೋಗಿ, ಕಾರ್ಡು ಸಿಗಲಿಲ್ಲ ಎಂದು ಹೇಳಿದೆ.

ಅವಳು ಕಲ್ಲಿನ ಮೇಲಿನ ಮೂರು ಅಕ್ಷರಗಳನ್ನು ಕೈಯಿಂದ ಒರೆಸುತ್ತ ನಿಂತಿದ್ದಳು.

“ಕಾಕಾ, ನೀವು ಮನ್ಯಾಗ ಅದ ಅಂದಿದ್ರಿ. ಅದನ್ನ ನಂಬಿ ನಾ ಅಣ್ಣಗ ಈ ಸಲಾನೂ ಬರಂಗಿಲ್ಲ ಅಂದೀನಿ. ಮುಧೋಳದವ್ರಿಗೂ ಕಲ್ಲು ಕೊಡ್ತೀನಿ ಅಂದೀನಿ” ಎಂದಳು. ಕಲ್ಲು ತೋರಿಸಿ, “ಅರ್ಧಾ ಹೆಸರು ಹ್ಯಾಂಗ ಕೊಡ್ಲಿ” ಎಂದಳು.

ದನಿ ಏರಿಸಲಿಲ್ಲ. ನಾಳೆ ಸಂಜೆ ಅಣ್ಣನಿಗೆ ಫೋನು ಮಾಡುತ್ತೇನೆ, ಯಂತ್ರ ನೋಡಲು ಗಿರಾಕಿ ಕಳಿಸುತ್ತಾನಂತೆ ಎಂದಳು. ನಾನು ಅವಳ ಹೆಗಲು ನೋಡಿದೆ. ಇನ್ನೊಬ್ಬರ ಬದುಕಿನ ಮೇಲೆ ನಾನು ಇಷ್ಟು ಸಲೀಸಾಗಿ ಜಂಬ ಕೊಚ್ಚಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಹೊರಗೆ ಬಂದು ಬಸ್ಸಿಗೂ ಕಾಯದೆ ನಡೆದೇ ಮನೆಗೆ ಬಂದೆ.

ಮಹಾದೇವಿ ಪರಾತ ಕೆರೆಯುತ್ತ ಕೂತಿದ್ದಳು. ಅವಳು ಕೇಳಲಿಲ್ಲ, ನಾನೇ ಎದುರಿಗೆ ಕೂತು ಹೇಳತೊಡಗಿದೆ. ಕಸ್ತೂರಿ, ಗುರುಬಸಮ್ಮ, ಅರ್ಧ ಹೆಸರು, ಅಣ್ಣನ ಟಿಫಿನ್ ಸೆಂಟರ್, ಎಲ್ಲ ಹೇಳಿದೆ. ಅಂಗೈಯಷ್ಟು ಹಸಿರು ಹಲಗೆ, ಒಂದು ತುದಿಗೆ ಬೆಳ್ಳಗಿನ ತಗಡು, ಆ ತಗಡಿನಲ್ಲಿ ಎರಡು ಸಾಲು ತೂತು, ಮೇಲೆ ಹದಿಮೂರು ಕೆಳಗೆ ಹನ್ನೆರಡು, ಅಷ್ಟೇ ಇರುವುದು, ಅಷ್ಟು ಸಣ್ಣದು ಒಂದು ಎಲ್ಲೂ ಸಿಗಲಿಲ್ಲ ನೋಡು ಎಂದೆ.

ಅವಳ ಕೈ ನಿಂತಿತು. ಎದ್ದಳು, ಕೈ ತೊಳೆದಳು, ದೇವರ ಜಗಲಿಯ ಹತ್ತಿರ ಹೋಗಿ ಬಸವಣ್ಣನ ಚಿತ್ರಪಟದ ಹಿಂದಿನಿಂದ ಏನೋ ತೆಗೆದಳು. ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಹಿಡಿದಳು. ಮೈತುಂಬ ವಿಭೂತಿ, ನಡುವೆ ಕುಂಕುಮ, ಮೂಲೆಯಲ್ಲೊಂದು ಒಣಗಿದ ಚೆಂಡುಹೂವಿನ ಎಸಳು. ಕುಂಕುಮದ ಕೆಳಗೆ ಎರಡು ಸಾಲು ತೂತು.

“ಇದೇನ್ರಿ?” ಎಂದಳು.

ಇದೇ. ನಾನು ಹೌದೆಂದು ತಲೆ ಆಡಿಸಿದೆ.

“ಹಿಂಗ ತೂತು, ತಗಡು ಅಂತ ಹೇಳಿದ್ರ ಅವತ್ತೇ ಕೊಡ್ತಿದ್ದೆ. ನೀವು ಪ್ಯಾರಲಲ್ ಪ್ಯಾರಲಲ್ ಅಂದ್ರಿ. ಇದು ನಿಮ್ಮ ಡಬ್ಬ್ಯಾಗಿಂದು ಅಲ್ಲ. ಅಂಗಡಿ ಖಾಲಿ ಮಾಡೋ ದಿನ ಟೇಬಲ್ ಮ್ಯಾಲ ಬಿದ್ದಿತ್ತು. ‘ನನಗ ಮೊದಲು ಅನ್ನಾ ಹಾಕಿದ್ದು ಇದೇ’ ಅಂತ ನೀವೇ ಒಂದಿನ ತೋರ್ಸಿದ್ರಿ. ಅಂಗಡಿದಂತ ಒಂದರ ಜಗಲಿ ಮ್ಯಾಲ ಇರ್ಲಿ ಅಂತ ಇಟ್ಟೀನಿ.”

ಚಿತ್ತಾಪುರದ ಆ ಮುದ್ರಣದ ಅಂಗಡಿಯೇ ನನ್ನ ಮೊದಲ ಗಿರಾಕಿ. ಅವಳಿಗೆ ಹಾಗೆಂದು ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಐನಾಪುರದಲ್ಲಿ ಅಪ್ಪ ಎತ್ತು ಮಾರಿ ಬಾಡಿಗೆ ಟ್ರ್ಯಾಕ್ಟರು ಹಿಡಿದ ಮೇಲೂ, ಬಿತ್ತುವ ಕೂರಿಗೆಯ ಮರದ ಬಟ್ಟಲನ್ನು ಅವ್ವ ಕೊನೆಯವರೆಗೆ ಜಗಲಿಯ ಮೇಲೆ ಇಟ್ಟಿದ್ದಳು. ಹೊಸ ಸೊಸೆಯಾಗಿ ಬಂದ ಮಹಾದೇವಿ ದಿನವೂ ಅದಕ್ಕೆ ವಿಭೂತಿ ಹಚ್ಚಿದವಳು. ಅಂಗಡಿ ಹೋಯಿತೆಂದು ನಾನು ಬೋರ್ಡು ಕಳಚಿ, ಟೇಬಲ್ ಮಾರಿ ಕೈ ತೊಳೆದುಕೊಂಡಿದ್ದೆ. ಇವಳು ಬಟ್ಟಲಿನ ಜಾಗಕ್ಕೆ ಕಾರ್ಡು ಇಟ್ಟಿದ್ದಳು.

ಇನ್ನು ನನ್ನ ಭಕ್ತಿಯ ವಿಷಯ. ಈ ಮೂರು ವರ್ಷ ದಿನವೂ ಸ್ನಾನ ಮಾಡಿ ಅದೇ ಜಗಲಿಯ ಮುಂದೆ ನಿಂತು ಕಣ್ಣು ಮುಚ್ಚಿ ಕೈ ಮುಗಿದಿದ್ದೇನೆ. ಕಾರ್ಡು ಹುಡುಕಿದ ಹನ್ನೆರಡು ದಿನವೂ, ಅದು ಸಿಗಲಿ ಎಂದು ಅದಕ್ಕೇ ಬೇಡಿಕೊಂಡಿದ್ದೇನೆ. ಚಿತ್ರಪಟದ ಹಿಂದೆ ಏನೋ ಬೆಳ್ಳಗೆ ಮಿಂಚುವುದನ್ನು ಒಂದೆರಡು ಸಲ ಕಂಡಿದ್ದೂ ಉಂಟು. ಮಹಾದೇವಿಯ ತವರಿನಿಂದ ಬಂದ ಬೆಳ್ಳಿಯ ಸಾಮಾನಿರಬೇಕು, ಕೇಳಿದರೆ ನೀವೇನು ಮಾಡಿಸಿಕೊಟ್ಟಿರಿ ಎಂಬ ಮಾತು ಬರುತ್ತದೆ ಎಂದು ಸುಮ್ಮನಿದ್ದೆ.

ತಪ್ಪಾಯಿತು ಎಂದೆ. ಗುಜರಿಯವನಿಗೆ ಹಾಕಿದ್ದೀಯ ಎಂದದ್ದು ತಪ್ಪಾಯಿತು, ನೀನು ಇಟ್ಟದ್ದನ್ನು ಮೂರು ವರ್ಷ ನೋಡದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಅವಳ ಕಣ್ಣು ತುಂಬಿದವು, ನನ್ನವೂ. ಹಾಗಾದರೆ ಗುಜರಿಯವನಿಗೂ ಹೋಗಿ ಇದೇ ಮಾತು ಹೇಳಿ ಬನ್ನಿ ಎಂದಳು. ಆಮೇಲೆ ಹೇಳಿಯೂ ಬಂದೆ, ಅವನು ನನ್ನ ಕೈ ಹಿಡಿದು ನಕ್ಕುಬಿಟ್ಟ.

ಆದರೆ ಆಗ ನನ್ನೊಳಗೆ ಗಣಿತದ ಪುಸ್ತಕದ ಹುಡುಗ ಎದ್ದು ಕೂತಿದ್ದ. ಪೂಜೆಗೆ ಇಟ್ಟದ್ದನ್ನು ಮುಟ್ಟಬಹುದೇ? ಇಟ್ಟವಳು ಅವಳು. ನಾನು ಕೈ ಚಾಚಿ ಹಿಂತೆಗೆದದ್ದನ್ನು ಮಹಾದೇವಿ ನೋಡಿದಳು. ಕಾರ್ಡನ್ನು ನನ್ನ ಅಂಗೈಯಲ್ಲಿ ಇಟ್ಟಳು.

“ಮೂರು ವರ್ಷ ಕುಂತು ಪೂಜಿ ಮಾಡಿಸ್ಕೊಂಡದ. ಈಗ ಎದ್ದು ದುಡೀಲಿ” ಎಂದಳು.

ಕುಂಕುಮ ಎಂಥ ಸಾಮಾನು ಎಂಬುದು ನನಗೆ ಅಂದು ಗೊತ್ತಾಯಿತು. ಸಿಮೆಂಟಿಗಿಂತ ಕಮ್ಮಿಯಲ್ಲ. ದಿನವೂ ಹೂವಿನ ನೀರು ಬಿದ್ದು ತೂತುಗಳೊಳಗೆ ಗಟ್ಟಿಯಾಗಿತ್ತು. ಹಲ್ಲುಜ್ಜುವ ಬ್ರಶ್ಶಿನಿಂದ ಕೆದರಿ, ಸೂಜಿಯಿಂದ ಒಂದೊಂದು ತೂತು ಬಿಡಿಸಿ, ಸ್ಪಿರಿಟ್ಟಿನಿಂದ ಒರೆಸಿದೆ. ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದರೆ ರಬ್ಬರು ಕೆಂಪಾಯಿತು. ಎರಡು ರಬ್ಬರು ಮುಗಿದು ಮೂರನೆಯದು ಅರ್ಧವಾಗುವ ಹೊತ್ತಿಗೆ ಹಿತ್ತಾಳೆಯ ಬಣ್ಣ ಕಂಡಿತು. ಮಹಾದೇವಿ ಒಂದು ಬಿಳಿ ಅರಿವೆಯಲ್ಲಿ ಸುತ್ತಿ ಕೊಟ್ಟಳು, ತಾನೂ ಹೊರಟು ನಿಂತಳು.

ಮರುದಿನ ಹೋದಾಗ ಕಸ್ತೂರಿ ಅಣ್ಣನಿಗೆ ಇನ್ನೂ ಫೋನು ಮಾಡಿರಲಿಲ್ಲ. ನಾವು ಬಂದದ್ದನ್ನು ಕಂಡು ಬರ್ರಿ ಕಾಕಿ, ಕುಂದ್ರಿ ಎಂದು ಮಹಾದೇವಿಗೆ ಸ್ಟೂಲು ಕೊಟ್ಟಳು. ನಾನು ಕಾರ್ಡು ಕೂರಿಸಿದೆ. ಕಂಪ್ಯೂಟರು ಅದನ್ನು ಗುರುತು ಹಿಡಿಯಿತು. ತಂತಿ ಚುಚ್ಚಿ, ಚಾಲೂ ಮಾಡು ಎಂದೆ. ಅವಳು ಗುಂಡಿ ಒತ್ತಿದಳು. ಯಂತ್ರ ಅಲುಗಲಿಲ್ಲ. ಬಿಚ್ಚಿ ಮತ್ತೆ ಉಜ್ಜಿ ಕೂರಿಸಿದೆ. ಅಲುಗಲಿಲ್ಲ. ಕುಂಕುಮದ ತೇವ ಒಳಗೆ ಇಳಿದು ಹೋಗಿದೆ, ಕಾರ್ಡು ಸತ್ತಿದೆ ಎಂದು ಹೇಳಿ ಪಕ್ಕದ ಪರ್ಸಿಯ ರಾಶಿಯ ಮೇಲೆ ಕೂತುಬಿಟ್ಟೆ. ಮಹಾದೇವಿಯ ಮುಖ ನೋಡುವ ಧೈರ್ಯ ಆಗಲಿಲ್ಲ.

ಕಸ್ತೂರಿ ಪರದೆಯನ್ನೇ ನೋಡುತ್ತಿದ್ದಳು. ಓದು ಏಳನೆಯ ತರಗತಿಗೆ ನಿಂತಿದ್ದರೂ ಪರದೆಯಲ್ಲಿ ಬರುವ ಆ ಯಂತ್ರದ ಒಂದೊಂದು ಪುಟವೂ ಅವಳಿಗೆ ಬಾಯಿಪಾಠ. ಸ್ವಲ್ಪ ಹೊತ್ತಿನ ಮೇಲೆ ಕರೆದಳು.

“ಕಾಕಾ, ಇಲ್ಲಿ ಬರ್ರಿ. ಯಂತ್ರದ ಪುಟದಾಗ ಕಿಂಡಿದು ಒಂದು ನಂಬರ್ ಬರ್ದದ. ಕಂಪ್ಯೂಟರ್ ತೋರಸ್ಲಿಕತ್ತಿದ್ದು ಬ್ಯಾರೆ ನಂಬರ್ ಅದ. ಹಳೇ ಮನಿ ಬಾಗಿಲ ಬಡೀಲಿಕತ್ತೀವೇನ್ರಿ?”

ಹೌದು. ಹೊಸ ಕಾರ್ಡು ಹಾಕಿದರೆ ಕಿಂಡಿಯ ವಿಳಾಸ ಬದಲಾಗುತ್ತದೆ, ಹೊಸ ವಿಳಾಸವನ್ನು ಯಂತ್ರಕ್ಕೆ ತಿಳಿಸಬೇಕು. ಇಷ್ಟು ವರ್ಷ ಇದೇ ಕೆಲಸ ಮಾಡಿದ ನಾನು ಅದನ್ನು ಮರೆತು, ಕುಂಕುಮದ ಮೇಲೆ ತಪ್ಪು ಹೊರಿಸಿ ಕೂತಿದ್ದೆ. ಅವಳು ತಾನೇ ಹಳೆಯ ನಂಬರು ಅಳಿಸಿ ಹೊಸದು ಹೊಡೆದಳು, ಗುಂಡಿ ಒತ್ತಿದಳು. ಯಂತ್ರ ಗುಂಯ್ ಎಂದಿತು.

ಕಸ್ತೂರಿ ಕೂಡಲೇ ಸೂಜಿ ಇಳಿಸಲಿಲ್ಲ. ಮೊದಲು ಅದನ್ನು ಒಂದು ಬೆರಳು ಎತ್ತರದಲ್ಲಿ ಇಟ್ಟು, ಕೊರೆದಿದ್ದ ಮೂರು ಅಕ್ಷರಗಳ ಮೇಲೆ ಗಾಳಿಯಲ್ಲೇ ಓಡಿಸಿದಳು. ಹಳೆಯ ಗೆರೆಯಿಂದ ಎಲ್ಲೂ ಸರಿದಿಲ್ಲ ಎಂದು ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ನೀರು ಬಿಟ್ಟು ಸೂಜಿ ಇಳಿಸಿದಳು. ‘ಸ’ ಬಂತು. ‘ಮ್ಮ’ ಬಂತು. ಮಹಾದೇವಿ ಸ್ಟೂಲಿನಿಂದ ಎದ್ದು ಹತ್ತಿರ ಹೋಗಿ, ಪೂರ್ತಿ ಹೆಸರನ್ನು ಒಂದು ಸಲ ಮೆಲ್ಲಗೆ ಓದಿದಳು. ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡು, ಕಲ್ಲಿನ ನೀರು ಸಿಡಿಯಿತು ಎಂದಳು.

ತಿಂಗಳ ಕೊನೆಯ ದಿನ ಕಲ್ಲು ಮುಧೋಳದ ಶಾಲೆಯ ಅಡುಗೆ ಕೋಣೆಯ ಬಾಗಿಲ ಮೇಲೆ ಕೂತಿತು. ಗುರುಬಸಮ್ಮ ಅದನ್ನು ನೋಡಿ, ನೇರ ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕೆ ನೀರಿಟ್ಟಳಂತೆ. ಕಸ್ತೂರಿ ಅಣ್ಣನಿಗೆ ಫೋನು ಮಾಡಿದಳು, ಬರುವುದಿಲ್ಲ ಎಂದು ಹೇಳಲು.

ಕೆಲವೇ ದಿನಗಳಲ್ಲಿ ಖಂಡೆ ಪೂಜೆ ಬಂತು. ಮಹಾದೇವಿ ಜಗಲಿ ತೊಳೆದು ಎಲ್ಲ ಜೋಡಿಸಿದಳು. ಚಿತ್ರಪಟದ ಹಿಂದಿನ ಜಾಗ ಖಾಲಿ ಇತ್ತು. ಡಬ್ಬಿಯಿಂದ ಬೇರೆ ಕಾರ್ಡು ಕೊಡಲೇ ಎಂದು ಕೇಳಿದೆ. ಬೇಡ, ಅದರ ಜಾಗ ಅದಕ್ಕೇ ಇರಲಿ ಎಂದಳು. ಮರುದಿನ ಸಂಜೆ ಕಸ್ತೂರಿ ಬನ್ನಿ ಕೊಡಲು ಬಂದಳು. ನಮ್ಮಿಬ್ಬರ ಕಾಲು ಮುಟ್ಟಿ, ಬನ್ನಿ ಎಲೆ ಕೊಟ್ಟು, ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದು ಮಹಾದೇವಿಯ ಕೈಗೆ ಇಟ್ಟಳು.

“ಕಾಕಿ, ನಿಮ್ಮ ಕಾರ್ಡು ನಾ ವಾಪಸ್ ಕೊಡಂಗಿಲ್ಲ. ಅದರ ಬದಲಿ ಇದನ್ನ ಇಡ್ರಿ.”

ಅಂಗೈಯಷ್ಟು ಕರಿ ಪರ್ಸಿಯ ತುಂಡು. ಅಕ್ಷರ ಇಲ್ಲ, ಹೆಸರಿಲ್ಲ. ಎರಡು ಸಾಲು ತೂತು, ಮೇಲೆ ಹದಿಮೂರು, ಕೆಳಗೆ ಹನ್ನೆರಡು.

ಅದು ಈಗ ಜಗಲಿಯ ಮೇಲಿದೆ, ಚಿತ್ರಪಟದ ಹಿಂದೆ ಅಲ್ಲ, ಮುಂದೆ. ಮಹಾದೇವಿ ದಿನವೂ ವಿಭೂತಿ ಹಚ್ಚುತ್ತಾಳೆ. ನಾನು ಸ್ನಾನ ಮಾಡಿ ಬಂದು ಕೈ ಮುಗಿಯುತ್ತೇನೆ. ದೇವರ ಮುಂದೆ ಹಾಗೆ ಪಿಳಿಪಿಳಿ ನೋಡುತ್ತ ನಿಲ್ಲಬಾರದು, ಕಣ್ಣು ಮುಚ್ಚಬೇಕು ಎಂದು ಅವಳು ಗದರುತ್ತಾಳೆ. ಅವಳು ಹೇಳಿದ ಎಲ್ಲ ಮಾತನ್ನೂ ಈಗ ಕೇಳುತ್ತೇನೆ, ಅದೊಂದನ್ನು ಬಿಟ್ಟು.